ಲೆಕ್ಕಕ್ಕೆ ಬಾರದ ಎರಡು ನಿಮಿಷ

"ಎಂಬತ್ತೊಂಬತ್ತಾ?" ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. "ನಂದು ಅರವತ್ತೊಂದೇ ಇದೆಯಲ್ಲಮ್ಮ."

ಸಿನಿಮಾಗಳಿಗೆ ವಯಸ್ಸಿನ ಮಿತಿ ಗೊತ್ತುಮಾಡುವ ಕಚೇರಿಯ ಆ ಕತ್ತಲೆ ಕೋಣೆಯಲ್ಲಿ ಇದ್ದವರು ಇಬ್ಬರೇ. ಕಂಡವರ ತಪ್ಪಿಗೆಲ್ಲ ಕೆಂಪು ಗೆರೆ ಎಳೆಯುವ ಚಟದಿಂದ ಮೇಷ್ಟ್ರು ಎಂದೇ ಹೆಸರಾದ ಹಿರಿಯ ಪರೀಕ್ಷಕರು, ಮತ್ತು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಪರೀಕ್ಷಕಿ. ಇಬ್ಬರ ಕೈಯಲ್ಲೂ ಒಂದೊಂದು ಗುಂಡಿ. ಪರದೆಯ ಮೇಲೆ ಏಟು ಬಿದ್ದರೆ, ರಕ್ತ ಕಂಡರೆ ಒತ್ತಬೇಕು. ಯಾವ ಕ್ಷಣದಲ್ಲಿ ಒತ್ತಿದರೆಂಬುದು ಯಂತ್ರದಲ್ಲಿ ದಾಖಲಾಗುತ್ತದೆ. ಇಬ್ಬರ ಎಣಿಕೆಯಲ್ಲಿ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ತಾಳೆಯಾಗದ ಜಾಗವನ್ನು ಇಬ್ಬರೂ ಮತ್ತೆ ನೋಡಲೇಬೇಕು.

ಮಾಂಗಾ ಎಂಬ ಜಪಾನೀ ಕಾಮಿಕ್ಸ್ ಪುಸ್ತಕವೊಂದನ್ನು ನಿಜವಾದ ನಟರನ್ನಿಟ್ಟು ತೆಗೆದ ಸಿನಿಮಾ ಅದು. ಶಾಲೆಯ ಹುಡುಗಿಯೊಬ್ಬಳು ಕತ್ತಿ ಹಿಡಿದು ಸಿಕ್ಕಸಿಕ್ಕವರನ್ನು ತರಿದುಹಾಕುವ ಕಥೆ. ಆ ಪುಸ್ತಕದ ಹನ್ನೆರಡು ಭಾಗಗಳೂ ಪರೀಕ್ಷಕಿಯ ಹದಿನೈದು ವರ್ಷದ ಮಗಳ ದಿಂಬಿನ ಪಕ್ಕದಲ್ಲೇ ಇದ್ದವು. ಇವಳೋ, ಹಾಳುಮೂಳು ಓದುತ್ತಾಳೆಂದು ಮೂಗು ಮುರಿದದ್ದು ಬಿಟ್ಟರೆ ಒಂದನ್ನೂ ತೆರೆದು ನೋಡಿದವಳಲ್ಲ. ಆ ಸಿನಿಮಾ ತನ್ನ ಪಾಲಿಗೇ ಬಂದಿದೆ ಎಂದು ಬಾಯಿತಪ್ಪಿ ಆಡಿದ್ದೇ ತಡ, ಮಗಳು ಬೆನ್ನಿಗೆ ಬಿದ್ದಿದ್ದಳು: ಹದಿನೆಂಟು ಅಂತ ಹಾಕಬೇಡ, ನಾವಿಬ್ಬರೂ ಜೊತೆಗೇ ಹೋಗಿ ನೋಡಬೇಕು. ಇಷ್ಟೊಂದು ರಕ್ತದಲ್ಲಿ ಈ ಹುಡುಗಿಗೆ ಹಿಡಿಸಿದ್ದಾದರೂ ಏನು ಎಂಬ ಚಿಂತೆ ವಾರದಿಂದ ತಾಯಿಯನ್ನು ತಿನ್ನುತ್ತಿತ್ತು. ಇವತ್ತು ಬೆಳಿಗ್ಗೆ ಹೊಟ್ಟೆನೋವೆಂದು ಮಗಳು ಶಾಲೆಗೂ ಹೋಗಿರಲಿಲ್ಲ. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ.

ಮೇಷ್ಟ್ರು ಯಂತ್ರ ಕೊಟ್ಟ ಪಟ್ಟಿಯ ಮೇಲೆ ಬೆರಳಾಡಿಸಿದರು. ಹೆಚ್ಚಿಗೆ ಬಂದ ಇಪ್ಪತ್ತೆಂಟೂ ಒಂದೇ ಕಡೆ ಇದ್ದವು, ಬರೀ ಎರಡು ನಿಮಿಷದೊಳಗೆ. ಅವರು ಗೊಣಗುತ್ತಲೇ ಸಿನಿಮಾವನ್ನು ಅಲ್ಲಿಗೆ ತಿರುಗಿಸಿದರು.

ಶಾಲೆಯ ಟಾಯ್ಲೆಟ್. ಹುಡುಗಿ ಒಳಗೆ, ಜೊತೆಯವರು ನಾಲ್ವರು ಹೊರಗೆ. ಒಬ್ಬಳು ಬಾಗಿಲನ್ನು ಹೊರಗಿನಿಂದ ಒತ್ತಿ ಹಿಡಿದಳು, ಉಳಿದವರು ಬಾಗಿಲ ಮೇಲಿನಿಂದ ಒಂದು ಬಕೆಟ್ ನೀರು ಸುರಿದರು, ಮತ್ತೊಂದು ಸುರಿದರು, ನಕ್ಕರು. ಹುಡುಗಿ ಕೂಗಲಿಲ್ಲ. ಎಲ್ಲರೂ ಹೋದ ಮೇಲೆ ಲಂಗ ಹಿಂಡಿಕೊಂಡು ಮನೆಗೆ ನಡೆದಳು. ನಲ್ಲಿ ಒಡೆದುಹೋಗಿತ್ತು ಎಂದಳು. ಅವಳಮ್ಮ ಒಲೆಯ ಕಡೆಯಿಂದ ತಿರುಗದೆಯೇ ಬಟ್ಟೆ ಬದಲಾಯಿಸು ಎಂದಳು.

"ಇಲ್ಲೇನಿದೆ? ಒಂದು ಏಟಿಲ್ಲ, ಒಂದು ಹನಿ ರಕ್ತ ಇಲ್ಲ. ತೂಕಡಿಸ್ತಿದ್ರಾ?" ಎಂದರು ಮೇಷ್ಟ್ರು.

ತಾನು ಒತ್ತಿದ್ದೇ ಪರೀಕ್ಷಕಿಗೆ ಗೊತ್ತಿರಲಿಲ್ಲ. ಹೆಬ್ಬೆರಳಿಗೆ ಮಾತ್ರ ಎಲ್ಲವೂ ಗೊತ್ತಿತ್ತೇನೋ. ಮೂರು ವಾರದ ಹಿಂದೆ, ಸುಡುಸುಡು ಬಿಸಿಲಿನ ಮಧ್ಯಾಹ್ನ, ಮಗಳು ತಲೆಯಿಂದ ಕಾಲಿನವರೆಗೆ ತೊಯ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ನಲ್ಲಿ ಒಡೆದುಹೋಗಿತ್ತಂತೆ. ಯಾವುದೋ ಸಿನಿಮಾದ ವರದಿ ಬರೆಯುತ್ತಿದ್ದ ಇವಳು ತಲೆಯೆತ್ತದೆಯೇ, ಬಟ್ಟೆ ಬದಲಾಯಿಸು, ನೆಗಡಿ ಆಗತ್ತೆ ಎಂದಿದ್ದಳು.

ಅವಳ ಮುಖ ನೋಡಿ ಮೇಷ್ಟ್ರು ಮೆತ್ತಗಾದರು. ಎಲ್ಲರಿಗೂ ಆಗುತ್ತದೆ, ಕೈತಪ್ಪಿ ಒತ್ತಿದ್ದು ಅಂತ ಬರೆದರಾಯಿತು ಎನ್ನುತ್ತ ಆ ಇಪ್ಪತ್ತೆಂಟನ್ನು ಹೊಡೆದುಹಾಕಲು ಕೆಂಪು ಪೆನ್ನು ತೆಗೆದರು.

"ಹೊಡೀಬೇಡಿ ಸಾರ್. ಅದು ಇರ್ಲಿ," ಎಂದು ಅವಳು ಎದ್ದಳು. ಮೊಬೈಲು ಹಿಡಿದು ಹೊರಗಿನ ಮೆಟ್ಟಿಲ ಬಳಿಗೆ ಬಂದು ಮಗಳಿಗೆ ಕರೆ ಮಾಡಿದಳು. ಎರಡನೇ ರಿಂಗಿಗೇ ಅವಳು ಎತ್ತಿಕೊಂಡಳು. ಹದಿನೆಂಟು ಹಾಕಿಬಿಟ್ಟೆಯಾ ಎಂಬುದೇ ಅವಳ ಮೊದಲ ಮಾತು.

"ಪುಟ್ಟಿ, ಅವತ್ತು ನಲ್ಲಿ ನಿಜವಾಗ್ಲೂ ಒಡೆದುಹೋಗಿತ್ತಾ?"

ತಾಯಿ ಕಾದಳು. ಮೆಟ್ಟಿಲು ಹತ್ತಿ ಬಂದ ಯಾರೋ ಸರಿಯಿರಿ ಎಂದರೂ ಸರಿಯಲಿಲ್ಲ.

"ಪುಸ್ತಕದಲ್ಲಿ ಅವಳಮ್ಮ ಇದನ್ನ ಕೇಳೋದು ಹನ್ನೊಂದನೇ ಭಾಗದಲ್ಲಿ," ಎಂದಳು ಮಗಳು ಕೊನೆಗೆ. "ಅಷ್ಟೊತ್ತಿಗೆ ಅವಳು ಕತ್ತಿ ತಗೊಂಡಾಗಿರತ್ತೆ."