ಹತ್ತು ನಿಮಿಷ ಹಿಂದೆ

ಕಂಪನಿಯ ಕೋಡ್ ಪೂರ್ತಿ ಮೂರು ಸರ್ವರ್‌ಗಳಲ್ಲಿತ್ತು. ಒಂದರಲ್ಲಿ ಏನೇ ಬದಲಾದರೂ ಉಳಿದೆರಡರಲ್ಲಿ ತಕ್ಷಣ ಹಾಗೆಯೇ ಬದಲಾಗಬೇಕು. ಎರಡನೆಯದು ಹೇಳಿದ ಮಾತು ಕೇಳುತ್ತಿತ್ತು. ಮೂರನೆಯದು ಮಾತ್ರ ಯಾವಾಗಲೂ ಹತ್ತು ನಿಮಿಷ ಹಿಂದೆ.

“ತಿಂಗಳಾತು, ದಿನಾ ಇದೇ ಹಾಡು! ಎತ್ತು ಏರಿಗೆಳೆದ್ರ ಕೋಣ ನೀರಿಗೆಳೀತಂತ. ಇವತ್ತು ಇದು ಸರಿ ಆಗ್ಲಿಲ್ಲಂದ್ರ ನಾಳೆ ನೀವು ಬರೋದು ಬ್ಯಾಡ,” ಎಂದು ಮುಖ್ಯಸ್ಥ ಮುಳಗುಂದ ಬೆಳಿಗ್ಗೆ, ಸರ್ವರ್ ನೋಡಿಕೊಳ್ಳುತ್ತಿದ್ದ ಭುವನೇಶ್ವರಿಗೆ ಎಲ್ಲರೆದುರೇ ಬೈದರು. ಅವಳು ಊಟಕ್ಕೂ ಏಳದೆ, ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಕೂತಳು.

ಸಂಜೆ ಐದಕ್ಕೆ ಮುಳಗುಂದ ಅವಳ ಬಳಿ ಓಡಿಬಂದರು. ಹಳೆಯದೆಂದುಕೊಂಡು, ನಡೆಯುತ್ತಿದ್ದ ಪ್ರಾಜೆಕ್ಟನ್ನೇ ಅಳಿಸಿಬಿಟ್ಟಿದ್ದರು. ಯಾರ ಲ್ಯಾಪ್‌ಟಾಪಿನಲ್ಲೂ ಅದರ ಪ್ರತಿ ಇರಲಿಲ್ಲ. ಇಟ್ಟುಕೊಳ್ಳಬಾರದೆಂಬುದು ಅವರದೇ ನಿಯಮ.

“ಎರಡನೇದ್ರಾಗೂ ಅಳಿಸಿ ಹೋಗೇತ್ರಿ! ಮೂರನೇದು ಹಿಂದ ಇರತೈತಲ್ಲ, ಅದ್ರಾಗ ಇನ್ನೂ ಇರತೈತಿ. ಅಳಿಸಿ ಐದು ನಿಮಿಷ ಸುದ್ದಾ ಆಗಿಲ್ಲ. ಲಗೂನ ಅದರ ವೈರ್ ಕೀಳ್ರಿ!”

ಭುವನೇಶ್ವರಿ ಕುರ್ಚಿಯಿಂದ ಏಳಲಿಲ್ಲ.

“ಅದನ್ನ ನಾಕು ಗಂಟೆಕ್ಕನ ಸರಿ ಮಾಡೇನ್ರಿ, ಸರ್.”