ಹೊರರಾಜ್ಯದ ಗಾಡಿ

ಪಕ್ಕದ ರಾಜ್ಯದಲ್ಲಿ ಅಗ್ಗಕ್ಕೆ ಸಿಕ್ಕ ಹಳೇ ಕಾರು ಅದು. ಆರಿಸಿದ್ದು ಅವನ ಹೆಂಡತಿ. ಅವನು ಓಡಿಸುತ್ತಿದ್ದ ಕಾರು ಮಗುಚಿ ಮಗಳು ತೀರಿಕೊಂಡ ಮೇಲೆ ಅವಳು ಯಾವ ಕಾರನ್ನೂ ಹತ್ತಿರಲಿಲ್ಲ. ಇದರ ಹಿಂದಿನ ಸೀಟಿನಲ್ಲಿ ಮಾತ್ರ ಹೋಗಿ ಕೂತಳು. ಬಾಗಿಲ ಹಿಡಿಯ ಮೇಲೆ ಯಾವುದೋ ಮಗು ಕಚ್ಚಿದ್ದ ಹಲ್ಲಿನ ಗುರುತುಗಳನ್ನು ಸವರಿದಳು. ಆಮೇಲೆ ಇಳಿಯಲೇ ಒಪ್ಪಲಿಲ್ಲ.

ಮನೆಗೆ ತಂದ ದಿನದಿಂದ ಅವಳದು ಒಂದೇ ವರಾತ.

“ಇಲ್ಲಿನ ಟ್ಯಾಕ್ಸ್ ಕಟ್ಟಿಬಿಡಿ ರೀ. ಯಾರಾದ್ರೂ ಹಿಡಿದು ಎಳ್ಕೊಂಡು ಹೋದ್ರೆ ನಾನು ಉಳಿಯಲ್ಲ.”

“ಕಾರಿಗೆ ಕೊಟ್ಟಷ್ಟೇ ಟ್ಯಾಕ್ಸಿಗೂ ಕಕ್ಕಬೇಕು ಕಣೇ!”

ಕೊನೆಗೂ ಆರ್‌ಟಿಒ ಕಚೇರಿಗೆ ಬಂದರು. ಅವಳು ಕಾರಿನಿಂದ ಇಳಿಯಲಿಲ್ಲ. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ಒಳಗೆ ಹೋದವನು ಹುಬ್ಬು ಗಂಟಿಕ್ಕಿಕೊಂಡು ಹೊರಗೆ ಬಂದ.

“ಸಾರ್, ಇದು ಮೊದಲು ನಮ್ಮೂರಿನ ಗಾಡಿನೇ. ಲೈಫ್ ಟ್ಯಾಕ್ಸ್ ಆಗಲೇ ಕಟ್ಟಿದೆ. ಆಕ್ಸಿಡೆಂಟ್ ಆಗಿ ಗುಜರಿಗೆ ಹೋಗಿತ್ತು. ಯಾರೋ ರಿಪೇರಿ ಮಾಡಿ, ಬಣ್ಣ ಬಳಿದು ಆ ಕಡೆ ಮಾರಿದ್ದಾರೆ.”

“ಟ್ಯಾಕ್ಸ್ ಕಟ್ಟಿದ್ದು ಯಾರು?”

“ನೀವೇ ಅಲ್ವಾ ಸಾರ್? ನಿಮ್ಮ ಹೆಸರೇ ಇದೆ.”

ಅವನು ಕಾರಿಗೆ ಬಂದು ಕೂತ. ಸ್ಟೀರಿಂಗ್ ಮುಟ್ಟಲು ಕೈ ಬರಲಿಲ್ಲ. ಹಿಂದೆ ಹೆಂಡತಿ ತನ್ನ ಪಕ್ಕದ ಖಾಲಿ ಜಾಗಕ್ಕೆ ಬೆಲ್ಟ್ ಬಿಗಿಯುತ್ತಿದ್ದಳು.

“ಈ ಸಲವಾದ್ರೂ ಮೆಲ್ಲಗೆ ಓಡಿಸಿ ರೀ.”