ಲೆಕ್ಕಕ್ಕೆ ಬಾರದ ಮಧ್ಯಾಹ್ನ

"ನಾಳೆಯಿಂದ ನಿಮ್ಮಮ್ಮ ಬರಲ್ಲ ಕಣೋ" ಎಂದು ಗಡಿಯಾರ ಮೇಡಂ ಹೇಳಿದಾಗ ಅವನು ಸ್ಟುಡಿಯೋ ನೆಲದ ಮೇಲೆ ಕೂತು ಕೇಬಲ್ ಸುತ್ತುತ್ತಿದ್ದ. ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಎಂದು ಗೊತ್ತು ಮಾಡುವುದು ಆಕೆಯ ಕೆಲಸ. ಚಾನೆಲ್ಲಿನಲ್ಲಿ ಎಲ್ಲರೂ ಆಕೆಯನ್ನು ಕರೆಯುವುದೇ ಹಾಗೆ. ಅಮ್ಮ ಸತ್ತು ಮೂರು ವರ್ಷವಾಗಿತ್ತು. ಆದರೆ ಅವಳು ಹಿಂದೆ ನಡೆಸಿಕೊಟ್ಟ ಹೊಲಿಗೆ ಪಾಠ ಮಾತ್ರ ದಿನಾ ಮಧ್ಯಾಹ್ನ, ಉಂಡವರೆಲ್ಲ ತೂಕಡಿಸುವ ಹೊತ್ತಿಗೆ, ತಪ್ಪದೆ ಬರುತ್ತಿತ್ತು.

ಚಾನೆಲ್ಲಿನವರು ಅದನ್ನು ಅಮ್ಮನ ಮೇಲಿನ ಪ್ರೀತಿಗೇನೂ ಹಾಕುತ್ತಿರಲಿಲ್ಲ. ತೋರಿಸುವುದರಲ್ಲಿ ಇಷ್ಟು ಪಾಲು ದೇಶದೊಳಗೇ ತಯಾರಾಗಿರಬೇಕು ಎಂದು ಕಾನೂನಿದೆ. ಹೊರಗಿನ ಧಾರಾವಾಹಿಗಳನ್ನು ಸಗಟಿನಲ್ಲಿ ತಂದು ಸುರಿಯುವ ಈ ಮಹಾನುಭಾವರು, ಆ ಪಾಲು ತುಂಬಿಸಲು ಹಳೇ ಟೇಪುಗಳನ್ನು ಕೆದಕಿ ಯಾರೂ ನೋಡದ ಹೊತ್ತಿಗೆ ಬಿಡುತ್ತಿದ್ದರು. ಈಗ ಕಾನೂನಿಗೆ ತಿದ್ದುಪಡಿ ಬಂದಿತ್ತು. ಮರುಪ್ರಸಾರ ಇನ್ನು ಮುಂದೆ ದೇಶೀಯ ಕಾರ್ಯಕ್ರಮದ ಲೆಕ್ಕಕ್ಕೆ ಬರುವುದಿಲ್ಲ.

"ಅದರ ಬದಲು ಏನು ಹಾಕ್ತೀರಿ?"

"ಜ್ಯೂಸರ್. ಇಬ್ಬರು ಕೂತು ಜ್ಯೂಸರ್ ಬಗ್ಗೆ ಮಾತಾಡ್ತಾರೆ. ಇಲ್ಲೇ ಶೂಟ್ ಮಾಡೋದಲ್ವಾ, ಪೂರ್ತಿ ದೇಶೀಯ."

"ಜ್ಯೂಸರ್ ಈ ದೇಶದ್ದು. ನಮ್ಮಮ್ಮ ಯಾವ ದೇಶದೋಳು ಮೇಡಂ?"

"ನನ್ನ ಮೇಲೆ ಯಾಕೋ ಹಾರಾಡ್ತೀಯ? ಕಾನೂನೇನು ನಾನು ಹೆತ್ತಿದ್ದಾ?" ಎಂದು ಬಾಗಿಲವರೆಗೆ ಹೋದವಳು ತಿರುಗಿ ಬಂದಳು. "ಹಳೇ ಟೇಪಿಗೆ ಹೊಸ ಮಾತು ಸೇರಿದ್ರೆ ಹೊಸ ಕಾರ್ಯಕ್ರಮ ಅಂತ ಒಪ್ಕೋತಾರೆ. ನಿಮ್ಮಪ್ಪನ್ನ ಕರ್ಕೊಂಡು ಬಾ. ಟೇಪು ಓಡ್ತಾ ಇರ್ಲಿ, ಪಕ್ಕದಲ್ಲಿ ಕೂತು ಆ ಕಾಲದ್ದು ನಾಲ್ಕು ಮಾತಾಡ್ಲಿ. ಸುಮ್ನೆ ಕೂತ್ರೆ ನಡಿಯಲ್ಲ, ಹೇಳಿರ್ತೀನಿ."

ಅಪ್ಪ ಅದೇ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿದು ನಿವೃತ್ತನಾದವನು. ಅಮ್ಮನ ಪಾಠಗಳನ್ನೆಲ್ಲ ಚಿತ್ರಿಸಿದ್ದು ಅವನೇ. ಈಗ ದಿನಾ ಮಧ್ಯಾಹ್ನ ತಲೆ ಬಾಚಿಕೊಂಡು ಟೀವಿ ಮುಂದೆ ಕೂರುತ್ತಿದ್ದ. ಮಗ ಒಮ್ಮೆ ಎಲ್ಲ ಕಂತುಗಳನ್ನೂ ಪೆನ್‌ಡ್ರೈವಿಗೆ ಹಾಕಿ ತಂದುಕೊಟ್ಟರೆ ಅದನ್ನು ಮುಟ್ಟಿಯೂ ನೋಡಿರಲಿಲ್ಲ. "ಇದರಲ್ಲಾದ್ರೆ ನಾನು ಒತ್ತಿದಾಗ ಬರ್ತಾಳೆ. ಟೀವೀಲಾದ್ರೆ ಅವಳಾಗೇ ಬರ್ತಾಳೆ ಕಣೋ" ಎಂದಿದ್ದ.

ಮರುದಿನ ಬೆಳಗ್ಗೆ ಸ್ಟುಡಿಯೋಗೆ ಕಾಲಿಟ್ಟದ್ದೇ ತಡ, ಅಪ್ಪನ ಬಾಯಿಗೆ ಬಿಡುವೇ ಇಲ್ಲ. ತನಗಿಂತ ಎಷ್ಟೋ ಚಿಕ್ಕವನಾದ ಈಗಿನ ಕ್ಯಾಮೆರಾದವನನ್ನು ಹಿಡಿದುಕೊಂಡು, ಬೀರುವಿನಷ್ಟು ದೊಡ್ಡ ಕ್ಯಾಮೆರಾವನ್ನು ಗಾಲಿಗಳ ಮೇಲೆ ತಳ್ಳುತ್ತಿದ್ದದ್ದು, ಅವಳ ಹೊಲಿಗೆ ಯಂತ್ರ ಇಡುತ್ತಿದ್ದ ಜಾಗ, ದೀಪಗಳ ಸೆಖೆಗೆ ಅವಳ ಹಣೆಯ ಬೆವರು ಬಟ್ಟೆ ಮೇಲೆ ತೊಟ್ಟಿಕ್ಕಿ ಎಲ್ಲರೂ ನಕ್ಕದ್ದು, ಎಲ್ಲ ಹೇಳಿದ. "ಮೊದಲನೇ ದಿನ ದಾರ ಪೋಣಿಸೋಕೇ ಆಗಲಿಲ್ಲ ಅವಳಿಗೆ. ಆಮೇಲೆ ನೋಡು, ನನ್ನನ್ನೇ ಪೋಣಿಸಿಬಿಟ್ಲು."

ಗಡಿಯಾರ ಮೇಡಂ ನಕ್ಕಳು. "ಇದನ್ನೇ ಹೇಳಿ ಸಾರ್, ಸಾಕು."

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಪಕ್ಕದ ಟೀವಿಯಲ್ಲಿ ಅಮ್ಮ ಬಂದು ಬಿಳಿ ಬಟ್ಟೆ ಹರಡಿದಳು. ಅಪ್ಪನ ಬಾಯಿ ಮುಚ್ಚಿಹೋಯಿತು. ಮೇಡಂ ಕೈಸನ್ನೆ ಮಾಡಿದಳು. ಮಗ ಗೋಡೆಗೊರಗಿ ನಿಂತವನು ತುಟಿಯಲ್ಲೇ "ಮಾತಾಡಪ್ಪ" ಎಂದ. ಅಪ್ಪ ಟೀವಿಯಿಂದ ಕಣ್ಣು ಕೀಳಲಿಲ್ಲ. ಟೇಪು ನಿಲ್ಲಿಸಿ ಮತ್ತೆ ಶುರು ಮಾಡಿದರು. ಮತ್ತೆ ಅದೇ ಕಥೆ.

"ಅಪ್ಪ, ಏನಾದ್ರೂ ಒದರು. ಇಲ್ದಿದ್ರೆ ಇವತ್ತಿಂದ ಅಮ್ಮ ಬರಲ್ಲ."

"ಅವಳು ಹೇಳ್ತಾ ಇದಾಳಲ್ಲೋ. ನಡುವೆ ನಾನು ಹೇಗೆ ಬಾಯಿ ಹಾಕ್ಲಿ?"

ಅಷ್ಟರಲ್ಲಿ ಜ್ಯೂಸರಿನವರು ಕಿತ್ತಳೆ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಾಗಿತ್ತು. ಒಳಗೆ ಇಣುಕಿ, ಎಷ್ಟು ಹೊತ್ತು ಎಂದು ಸನ್ನೆಯಲ್ಲೇ ಕೇಳಿದರು. "ಇದೊಂದು ಸಲ" ಎಂದಳು ಮೇಡಂ. ಅವಳ ದನಿಯಲ್ಲಿ ಆಗಲೇ ಆಸೆ ಸತ್ತಿತ್ತು. ಮಗನಿಗೆ ಆ ಬುಟ್ಟಿಯನ್ನು ಒದ್ದುಬಿಡಬೇಕೆನಿಸಿತು. ಕಾನೂನು ಬರೆದವರು ಕೈಗೆ ಸಿಗುವುದಿಲ್ಲವಲ್ಲ.

ಮತ್ತೆ ಕೆಂಪು ದೀಪ. ಟೀವಿಯಲ್ಲಿ ಅಮ್ಮ ಕಾಲರಿನ ಬಟ್ಟೆ ಕತ್ತರಿಸಿದಳು, ಅಂಚು ಮಡಿಸಿದಳು, ಮಡಿಸಿದ್ದನ್ನು ಎತ್ತಿ ಹಿಡಿದು ತಲೆ ಮೇಲೆತ್ತಿದಳು.

"ಕಾಣ್ತಾ ಇದೆಯಾ?"

"ಇಲ್ಲ" ಎಂದ ಅಪ್ಪ. "ಲೈಟು ಹೊಡೀತಿದೆ. ಸ್ವಲ್ಪ ನಿನ್ನ ಕಡೆ ವಾಲಿಸು."

ಟೀವಿಯಲ್ಲಿ ಅಮ್ಮ ಕಾಲರನ್ನು ತುಸು ತನ್ನ ಕಡೆ ವಾಲಿಸಿದಳು.

"ಹಾಂ, ಈಗ ಸರಿ. ಹೊಲಿ."

ಅಮ್ಮ ಮುಗುಳ್ನಕ್ಕು ಯಂತ್ರದ ಮೇಲೆ ಬಾಗಿದಳು. ಗಡಿಯಾರ ಮೇಡಂ ಸದ್ದಾಗದಂತೆ ಬಾಗಿಲವರೆಗೆ ನಡೆದುಹೋಗಿ, ಬುಟ್ಟಿ ಹಿಡಿದವರ ಕಿವಿಯಲ್ಲಿ, "ನಿಮಗೆ ಬೇರೆ ಹೊತ್ತು ಹುಡುಕ್ತೀನಿ, ಹೋಗಿ" ಎಂದಳು.

ಕೆಂಪು ದೀಪ ಆರಿದ ಮೇಲೆ ಕ್ಯಾಮೆರಾದವನು ಮೆಲ್ಲಗೆ ಕೇಳಿದ, "ಸಾರ್, ಅವರು ಕೇಳಿದ್ದು ನೋಡೋ ಜನರನ್ನಲ್ವಾ?"

"ಜನ ಹಾಗಂದ್ಕೊಂಡಿದ್ರು" ಎಂದ ಅಪ್ಪ. "ಕೇಳ್ತಿದ್ದದ್ದು ನನ್ನನ್ನ. ಬಾಯಿ ಬಿಟ್ರೆ ಮೈಕಲ್ಲಿ ಬಂದುಬಿಡುತ್ತೆ ಅಂತ ಆವಾಗೆಲ್ಲ ಬರೀ ಕೈ ಆಡಿಸ್ತಿದ್ದೆ."